ನಲವತ್ತು ಮಂದಿಯ ಚಪ್ಪಾಳೆ

ನಮ್ಮೂರಿನಲ್ಲಿ ಸೂರ್ಯ ಮೇಲೇಳುವುದೇ ನನ್ನ ಫಲಕದಲ್ಲಿ ಇವತ್ತು ಏನಿದೆ ಎಂದು ಓದಿಕೊಳ್ಳಲಿಕ್ಕೆ. ಇದು ಅತಿಯಾಯಿತು ಅನ್ನುವವರು ಒಮ್ಮೆ ನಮ್ಮ ವಿಶ್ವವಿದ್ಯಾಲಯದ ಆವರಣಕ್ಕೆ ಬಂದು, ಗ್ರಂಥಾಲಯದ ಮುಂದಿನ ಹುಣಸೆಮರದ ಕೆಳಗೆ ಬೆಳಿಗ್ಗೆ ಏಳಕ್ಕೆ ನಿಂತು ನೋಡಲಿ. ನಾನು ಅಂಟಿನ ಡಬ್ಬಿ ಹಿಡಿದು ಬರುವಷ್ಟರಲ್ಲಿ ಅಲ್ಲಿ ಐದುನೂರು ಜನ ಕತ್ತು ಉದ್ದ ಮಾಡಿಕೊಂಡು ಕಾಯುತ್ತಿರುತ್ತಾರೆ. ಐದುನೂರು ಅಲ್ಲ ಅಂದರೆ ಐವತ್ತಂತೂ ಹೌದು. ಮಳೆ ಬಂದ ದಿನ ಐದು. ನನ್ನ ಹೆಸರು ಈರಬಸಪ್ಪ ಫಲಕದ. ಈ ಫಲಕಕ್ಕೆ ಮೊದಲ ಮೊಳೆ ಹೊಡೆದವನು ನನ್ನ ಅಜ್ಜ. ಆವತ್ತಿನಿಂದ ಮನೆತನದ ಅಡ್ಡಹೆಸರೇ ಫಲಕದ ಎಂದಾಯಿತು. ಕುಲಪತಿಗಳು ಬರುತ್ತಾರೆ, ಹೋಗುತ್ತಾರೆ. ಫಲಕ ಇದ್ದಲ್ಲೇ ಇರುತ್ತದೆ, ನಾನೂ.

ಬೇರೆ ಊರುಗಳಲ್ಲಿ ಸೂಚನೆ ಬರೆಯುವುದು ಒಂದು ಕೆಲಸವೇ ಅಲ್ಲವಂತೆ. ಯಾರು, ಏನು, ಎಲ್ಲಿ, ಯಾವಾಗ ಎಂದು ನಾಲ್ಕು ಸಾಲು ಗೀಚಿದರೆ ಮುಗಿಯಿತಂತೆ. ನಮ್ಮಲ್ಲಿ ಹಾಗಲ್ಲ. ನಮ್ಮ ದೊಡ್ಡ ಸಭಾಂಗಣದಲ್ಲಿ ಇವತ್ತು ಮಾಡಿದ ಸದ್ದು ನಾಳೆ ಅದೇ ಹೊತ್ತಿಗೆ ಕೇಳಿಸುತ್ತದೆ. ಇವತ್ತು ಸಂಜೆ ಐದಕ್ಕೆ ಯಾರಾದರೂ ವೇದಿಕೆ ಹತ್ತಿ ‘ಸಭಿಕರೇ’ ಅಂದರೆ ಅವರ ತುಟಿ ಅಲ್ಲಾಡುವುದು ಕಾಣುತ್ತದೆ, ಅಷ್ಟೇ. ಆ ‘ಸಭಿಕರೇ’ ಎಂಬುದು ನಾಳೆ ಐದಕ್ಕೆ ಖಾಲಿ ವೇದಿಕೆಯಿಂದ ಎದ್ದು ಬರುತ್ತದೆ. ಹೀಗಾಗಿ ಮೊದಲ ದಿನ ಕಲಾವಿದರು ಬಂದು ಖಾಲಿ ಕುರ್ಚಿಗಳ ಮುಂದೆ ಹಾಡಿ, ಮಾತಾಡಿ ಹೋಗುತ್ತಾರೆ. ಎರಡನೆಯ ದಿನ ಜನ ಬಂದು ಖಾಲಿ ವೇದಿಕೆಯನ್ನು ನೋಡುತ್ತ ಕೇಳುತ್ತಾರೆ. ಮೆಚ್ಚಿದರೆ ಕೈ ತಟ್ಟುತ್ತಾರೆ. ಚಪ್ಪಾಳೆಯೂ ಸದ್ದೇ ತಾನೆ, ಅದು ಕೇಳಿಸುವುದು ಮೂರನೆಯ ದಿನ. ಆವತ್ತು ಕಲಾವಿದರೊಬ್ಬರೇ ಬಂದು, ಮೊದಲ ಸಾಲಿನ ನಡುವೆ ಇಟ್ಟ ಕೆಂಪು ಗಾದಿಯ ಕುರ್ಚಿಯಲ್ಲಿ ಕೂತು, ತಮ್ಮ ಪಾಲಿನ ಚಪ್ಪಾಳೆ ಕೇಳಿಕೊಂಡು ಹೋಗುತ್ತಾರೆ. ಆಡುವ ದಿನ, ಕೇಳುವ ದಿನ, ಚಪ್ಪಾಳೆ ದಿನ. ಒಂದು ಕಾರ್ಯಕ್ರಮಕ್ಕೆ ಮೂರು ದಿನಾಂಕ. ಇದರಲ್ಲಿ ಕೇಳುವ ದಿನವನ್ನು ಮಾತ್ರ ನಾನು ಫಲಕದ ಮೇಲೆ ಹಾಕುತ್ತೇನೆ. ಉಳಿದೆರಡು ಕಲಾವಿದರಿಗೆ ಕೊಡುವ ಚೀಟಿಯಲ್ಲಿ.

ಯಾಕೆ ಹೀಗೆ ಎಂದು ಕೇಳಬೇಡಿ. ಭೌತಶಾಸ್ತ್ರದವರು ಕೇಳಿ ಕೇಳಿ ಮೂರು ಜನ ತಲೆ ಬೋಳಿಸಿಕೊಂಡರು. ನಾವು ಹೊಂದಿಕೊಂಡಿದ್ದೇವೆ. ಉಪನ್ಯಾಸದ ಕೊನೆಗೆ ಕೇಳಿದ ಪ್ರಶ್ನೆ ಉಪನ್ಯಾಸಕರಿಗೆ ಮೂರನೆಯ ದಿನ ಚಪ್ಪಾಳೆಯ ಜೊತೆ ಮುಟ್ಟುತ್ತದೆ. ಅವರು ಉತ್ತರ ಬರೆದು ಕೊಟ್ಟರೆ ನಾನು ಫಲಕಕ್ಕೆ ಹಚ್ಚುತ್ತೇನೆ. ಅಂತರ ಕಾಲೇಜು ಚರ್ಚಾಸ್ಪರ್ಧೆ ಹದಿನೆಂಟು ದಿನ ನಡೆಯುತ್ತದೆ, ಕೊನೆಗೆ ಯಾರು ಯಾವ ಪಕ್ಷ ಎಂಬುದು ಅವರಿಗೇ ಮರೆತಿರುತ್ತದೆ. ನಾಟಕದವರು ಎರಡನೆಯ ದಿನವೂ ಬಂದು ನಿನ್ನೆಯ ತಮ್ಮ ದನಿಗೆ ಇವತ್ತು ತುಟಿ ಅಲ್ಲಾಡಿಸುತ್ತಾರೆ. ಸಂಗೀತಗಾರರ ಕಷ್ಟ ಬೇರೆ. ಹಾಡುವವರಿಗೆ ತಮ್ಮ ಹಾಡೂ ಕೇಳಿಸುವುದಿಲ್ಲ, ತಂಬೂರಿಯೂ ಕೇಳಿಸುವುದಿಲ್ಲ. ಅದಕ್ಕೇ ನಮ್ಮ ಗಾಯಕರು ತಂಬೂರಿಯ ಬುರುಡೆಗೆ ಮೊಣಕಾಲು ತಾಗಿಸಿ ಕೂರುತ್ತಾರೆ. ಅದು ನಡುಗುತ್ತದೆ, ಆ ನಡುಕವನ್ನು ಹಿಡಿದುಕೊಂಡು ಶ್ರುತಿ ಸೇರುತ್ತಾರೆ. ಕಿವಿಯಿಂದ ಹಾಡುವವರು ಎಲ್ಲ ಊರಲ್ಲೂ ಇದ್ದಾರೆ. ಮೊಣಕಾಲಿನಿಂದ ಹಾಡುವವರು ನಮ್ಮಲ್ಲಿ ಮಾತ್ರ.

ಇನ್ನು ನನ್ನ ಗುಟ್ಟು. ಇದನ್ನು ನಾನು ಯಾರಿಗೂ ಹೇಳಿಲ್ಲ, ಕ್ಯಾಂಟೀನಿನಲ್ಲಿ ಹೇಳಿದ್ದನ್ನು ಬಿಟ್ಟರೆ. ಎಷ್ಟೇ ರಂಗುರಂಗಾಗಿ ಬರೆದರೂ ಕೆಲವು ಕಾರ್ಯಕ್ರಮಗಳಿಗೆ ಕೇಳುವ ದಿನ ಜನ ಬರುವುದಿಲ್ಲ. ಪ್ರಾಚೀನ ಮಡಕೆ ಚೂರುಗಳ ಮೇಲಿನ ಉಪನ್ಯಾಸಕ್ಕೆ ‘ಮೂರು ಸಾವಿರ ವರ್ಷಗಳ ಅಡುಗೆಮನೆ ಜಗಳ ಬಯಲು’ ಎಂದು ಬರೆದೆ. ಬಂದವರು ಏಳು ಜನ, ಅದರಲ್ಲಿ ಇಬ್ಬರು ನಿಜವಾದ ಜಗಳವಿದೆ ಎಂದು ನಂಬಿ ಬಂದವರು. ಅಂಥ ದಿನ ಮೂರನೆಯ ಸಂಜೆ ಆ ಪ್ರಾಧ್ಯಾಪಕರು ಕೆಂಪು ಕುರ್ಚಿಯಲ್ಲಿ ಕೂತರೆ ಅವರಿಗೆ ಏನು ಕೇಳಿಸಬೇಕು? ಅದಕ್ಕೆ ಕೇಳುವ ದಿನ, ಬಂದವರು ಎದ್ದು ಹೋದ ಕೂಡಲೇ, ನಾನೇ ಚಪ್ಪಾಳೆ ಹೊಡೆಯುತ್ತಿದ್ದೆ. ಅಂಗೈ ಅಗಲ ಮಾಡಿದರೆ ನಾಲ್ಕು ಗಂಡಸರು. ಬೊಗಸೆ ಮಾಡಿ ಹೊಡೆದರೆ ಒಬ್ಬ ನಿವೃತ್ತ ಪ್ರಾಂಶುಪಾಲರು. ಬಳೆಗಳ ಗೊಂಚಲೊಂದನ್ನು ಮುಂಗೈಗೆ ಕಟ್ಟಿಕೊಂಡರೆ ಮಹಿಳಾ ವಸತಿನಿಲಯದ ಅರ್ಧ. ಒಂದು ಸಾಲಿನಿಂದ ಇನ್ನೊಂದಕ್ಕೆ ಓಡುತ್ತ, ಕುರ್ಚಿ ಹಾರುತ್ತ, ಮೂಲೆಮೂಲೆಗೆ ಸಿಡಿಯುತ್ತ, ನಾನೊಬ್ಬನೇ ನಲವತ್ತು ಮಂದಿಯ ಚಪ್ಪಾಳೆ ಹೊಡೆಯುತ್ತಿದ್ದೆ. ಆಗುವುದಿಲ್ಲ ಅನ್ನುವವರು ಹೊಡೆದು ತೋರಿಸಲಿ. ಸಂಗೀತ ವಿಭಾಗದ ಮುಖ್ಯಸ್ಥರಾದ ನೀಲಕಂಠ ಸರಾಫರು ಅರವತ್ತು ಸಲ ಕೆಂಪು ಕುರ್ಚಿಯಲ್ಲಿ ಕೂತು ಅರವತ್ತು ಸಲವೂ ಕಣ್ಣೊರೆಸಿಕೊಂಡು ಹೊರಬಂದಿದ್ದಾರೆ. “ಮಂದಿ ಪ್ರೀತಿ ಭಾಳ ಅದ ಈರಬಸಪ್ಪ,” ಅನ್ನುತ್ತಿದ್ದರು. “ಹೌದ್ರೀ ಸರ, ನಲವತ್ತಕ್ಕ ಕಡಿಮಿ ಇಲ್ಲ,” ಅನ್ನುತ್ತಿದ್ದೆ. ನನ್ನ ಚಪ್ಪಾಳೆ ನಾನು ಮಾತ್ರ ಒಮ್ಮೆಯೂ ಕೇಳಿರಲಿಲ್ಲ. ಹೊಡೆದ ದಿನ ಯಾರಿಗೂ ಕೇಳಿಸದು, ಕೇಳಿಸುವ ದಿನ ನಾನು ಬಾಗಿಲ ಹೊರಗೆ.

ಸರಾಫರ ಹಿಂದೆ ತಂಬೂರಿ ಹಿಡಿದು ಕೂರುತ್ತಿದ್ದವರು ಗೋದೂಬಾಯಿ ಮೇಳದ. ಮೂವತ್ತನಾಲ್ಕು ವರ್ಷ ಕೂತರು. ಗೋಷ್ಠಿಗಳ ಭಾವಚಿತ್ರಗಳಲ್ಲಿ ಹುಡುಕಿದರೆ ಸರಾಫರ ಕಿವಿಯ ಆಚೆ ಒಂದು ಸೆರಗು ಕಾಣುತ್ತದಲ್ಲ, ಅದು ಅವರು. ಚಪ್ಪಾಳೆ ದಿನ ಕುರ್ಚಿ ಒಂದೇ. ತಂಬೂರಿಯವರನ್ನು ಕರೆಯುವ ಪದ್ಧತಿ ಇಲ್ಲ. ಅವರು ವೇದಿಕೆಯ ಹಿಂದಿನ ಕೋಣೆಯಲ್ಲಿ ತಂತಿ ಒರೆಸುತ್ತ ಕೂತಿರುತ್ತಿದ್ದರು. ಈ ತಿಂಗಳ ಮೂವತ್ತೊಂದಕ್ಕೆ ಅವರ ನಿವೃತ್ತಿ. ಕುಲಸಚಿವರು ಕರೆದು ಕೇಳಿದರು: “ಬಾಯಾರ, ಕಾಣಿಕಿ ಏನು ಕೊಡೂಣು? ಶಾಲು, ಹಣ್ಣಿನ ಬುಟ್ಟಿ?” ಗೋದೂಬಾಯಿ ಹೇಳಿದರು: “ಶಾಲು ಮೂರು ಅದಾವ್ರಿ. ನನಗ ಒಂದು ತಾಸು ಸಭಾಂಗಣ ಕೊಡ್ರಿ. ಬರೇ ತಂಬೂರಿ ನುಡಸ್ತೀನಿ.”

ಸುದ್ದಿ ಆವರಣವನ್ನು ಸುತ್ತಿ ಬರಲು ಅರ್ಧ ಗಂಟೆ ಸಾಕಾಯಿತು. ಕ್ಯಾಂಟೀನಿನಲ್ಲಿ ಸರಾಫರು ಚಹಾದ ಬಶಿ ಕೆಳಗಿಟ್ಟು ನಕ್ಕರು. “ಬರೇ ತಂಬೂರಿ! ಇದೇನು ಕಛೇರಿ ಏನ್ರೀ? ಅರಿವಿ ಒಣಗ ಹಾಕಾಕ ಹಗ್ಗಾ ಕಟ್ಟಿ, ಅರಿವೀನ ಹಾಕಲಾರದ ಹಗ್ಗಾ ನೋಡಕೋತ ಕುಂಡ್ರೂದು!” ಎಲ್ಲರೂ ನಕ್ಕರು. ನಾನೂ ನಕ್ಕೆ, ಸುಳ್ಳು ಯಾಕೆ ಹೇಳಲಿ. ಆದರೆ ನಗುತ್ತಲೇ ಮನಸ್ಸಿನಲ್ಲಿ ಲೆಕ್ಕ ಹಾಕಿದೆ: ಇದಕ್ಕೆ ನಲವತ್ತು ಸಾಲದು, ಅರವತ್ತು ಮಂದಿಯ ಚಪ್ಪಾಳೆ ಬೇಕಾಗುತ್ತದೆ, ಹೊಸ ಬಳೆ ತರಬೇಕು.

ಮರುದಿನ ಹುಣಸೆಮರದ ಕೆಳಗೆ ಗೋದೂಬಾಯಿ ನನಗಾಗಿ ನಿಂತಿದ್ದರು. “ಈರಬಸಪ್ಪ, ನನ್ನ ಕಛೇರಿಗೆ ನೀ ಚಪ್ಪಾಳಿ ಹೊಡೀಬ್ಯಾಡ,” ಅಂದರು. ನನ್ನ ಕೈಯಿಂದ ಅಂಟಿನ ಡಬ್ಬಿ ಜಾರಿ ಬಿತ್ತು. “ನಾ ಎಲ್ಲೆ ಹೊಡೀತೀನ್ರೀ ಬಾಯಾರ? ನಾ ಬಾಗಲಾ ಕಾಯಾಂವ,” ಅಂದೆ. “ಸುಮ್ನಿರು. ಹಿಂದಿನ ಖೋಲ್ಯಾಗ ಕುಂತು ಮೂವತ್ತನಾಲ್ಕು ವರ್ಷ ಕೇಳೀನಿ. ನಿಚ್ಚಣಿಕಿ ಮ್ಯಾಲಿಂದ ಬಿದ್ದು ನಿನ್ನ ಎಡಗೈ ಹೆಬ್ಬಟ್ಟು ಸೊಟ್ಟ ಆಗೇತಿ. ನೀ ಹೊಡದಾಗ ಅಲ್ಲೆ ಗಾಳಿ ಸೋರತೈತಿ. ಸರಾಫ ಸರ್‌ಗೆ ನಲವತ್ತು ಮಂದಿ ಅನಸ್ತಾರ. ನಲವತ್ತೂ ಮಂದೀದು ಹೆಬ್ಬಟ್ಟು ಸೊಟ್ಟ ಇರತಾವೇನೋ ಹುಚ್ಚಪ್ಪಾ?” ನಾನು ಎಡಗೈಯನ್ನು ಬೆನ್ನ ಹಿಂದೆ ಮರೆಮಾಡಿದೆ. ಅವರೇ ಮುಂದುವರಿಸಿದರು: “ಹತ್ತು ಮಂದಿ ಹೊಡದ್ರ ನನಗ ಹತ್ತ ಕೇಳಸ್ಲಿ. ಯಾರೂ ಹೊಡೀಲಿಲ್ಲಂದ್ರ ಅದೂ ಕೇಳಸ್ಲಿ. ಆ ಕುರ್ಚ್ಯಾಗ ಒಮ್ಮೆ ಕುಂತು, ಖರೇದು ಏನೈತಿ ಅದನ್ನ ಕೇಳಿ ಮನೀಗೆ ಹೋಗ್ತೀನಿ. ಆಣಿ ಮಾಡು.” ಬಿದ್ದ ಡಬ್ಬಿಯ ಮೇಲೆ ಅಂಟು ಮೆತ್ತಿದ ಕೈಯಿಟ್ಟು ಆಣೆ ಮಾಡಿದೆ.

ಚಪ್ಪಾಳೆ ಹೊಡೆಯುವ ಹಾಗಿಲ್ಲ ಅಂದ ಮೇಲೆ ನನಗೆ ಉಳಿದದ್ದು ಒಂದೇ ಆಯುಧ. ಆ ವಾರ ನಮ್ಮ ಕಲಾಸಪ್ತಾಹ. ಫಲಕದ ಮೇಲೆ ಸೂಜಿ ಊರಲು ಜಾಗವಿರಲಿಲ್ಲ. ಕೌದಿಗಳ ಪ್ರದರ್ಶನ, ತೊಗಲುಗೊಂಬೆಯಾಟ, ಇಪ್ಪತ್ತಾರು ಕವಿಗಳ ಗೋಷ್ಠಿ, ‘ಇರುವೆಗಳ ರಾಜಕಾರಣ’ ಎಂಬ ಉಪನ್ಯಾಸ. ಅವೆಲ್ಲವನ್ನೂ ಪಕ್ಕಕ್ಕೆ ಒತ್ತಿ ನಡುವೆ ಬಾಗಿಲಷ್ಟು ದೊಡ್ಡ ಹಾಳೆ ಹಚ್ಚಿದೆ. ಆ ಸೂಚನೆ ಬರೆಯಲು ಮೂರು ದಿನ ಹಿಡಿಯಿತು, ನಾಲ್ಕು ಬಣ್ಣ ಖರ್ಚಾದವು. ‘ಹಾಡಿಲ್ಲ! ತಬಲಾ ಇಲ್ಲ! ಮಾತಿಲ್ಲ! ನಾಲ್ಕೇ ತಂತಿ! ಮೂವತ್ತನಾಲ್ಕು ವರ್ಷ ಎಲ್ಲರ ಹಿಂದೆ ಅಡಗಿದ್ದ ಸಮುದ್ರ ಇದೋ ಮುಂದೆ ಬರುತ್ತಿದೆ! ಈಜು ಬಾರದವರು ಹಿಂದಿನ ಸಾಲಿನಲ್ಲಿ ಕೂರಬೇಕಾಗಿ ವಿನಂತಿ!’ ಬರೆದು ಮುಗಿಸಿ ಏಳು ಸಲ ಓದಿದೆ. ಏಳು ಸಲವೂ ಹೊಗಳಿಕೆ ಎಲ್ಲಾದರೂ ಕಡಿಮೆ ಬಿದ್ದಿದೆಯೇ ಎಂದು ನೋಡಿದೆ. ದಿನಾಂಕ ನೋಡಲಿಲ್ಲ.

ಇಪ್ಪತ್ತೊಂಬತ್ತರ ಸಂಜೆ ಗೋದೂಬಾಯಿ ನುಡಿಸುವ ದಿನ. ಮೂವತ್ತಕ್ಕೆ ಕೇಳುವ ದಿನ, ಮೂವತ್ತೊಂದು ಚಪ್ಪಾಳೆ ದಿನ, ಆವತ್ತೇ ನಿವೃತ್ತಿ. ಇಪ್ಪತ್ತೊಂಬತ್ತಕ್ಕೆ ನಾಲ್ಕೂ ಮುಕ್ಕಾಲಿಗೆ ನಾನು ಬೀಗದ ಕೈ ತಿರುಗಿಸುತ್ತ ಸಭಾಂಗಣಕ್ಕೆ ಬಂದರೆ, ಮೆಟ್ಟಿಲ ತುಂಬ ಜನ. ಸಾಲು ಹೂದೋಟ ದಾಟಿ ಸೈಕಲ್ ನಿಲ್ದಾಣದವರೆಗೆ ಹೋಗಿತ್ತು. ನಾನೂರು ಜನ. ಈ ನಾನೂರನ್ನು ನಾನು ಉಬ್ಬಿಸಿಲ್ಲ, ಸಭಾಂಗಣದ ಕುರ್ಚಿಗಳೇ ನಾನೂರು. “ಈರಬಸಪ್ಪಣ್ಣ, ಬಾಗಲಾ ತಗಿಯೋ! ಸಮುದ್ರ ಒಳಗ ಕುದ್ಯಾಕತ್ತೇತಿ!” ಎಂದು ಯಾರೋ ಕೂಗಿದರು. “ಇವತ್ಯಾಕ ಬಂದೀರಿ? ಕೇಳೂದು ನಾಳಿಗೆ!” ಅಂದೆ. “ನೀನ ಬರದೀಯಲ್ಲ ಇಪ್ಪತ್ತೊಂಬತ್ತು ಅಂತ, ಗೇಣುದ್ದ ಅಕ್ಷರದಾಗ!” ನಾನು ಹುಣಸೆಮರದವರೆಗೆ ಓಡಿದೆ. ಬರೆದಿತ್ತು. ಕೆಂಪು ಬಣ್ಣದಲ್ಲಿ, ಅಡಿಗೆರೆ ಎಳೆದು. ಚೀಟಿಯ ದಿನಾಂಕವನ್ನು ಫಲಕಕ್ಕೆ ಹಾಕಿದ್ದೆ. ನಮ್ಮ ಮೂರು ತಲೆಮಾರಿನಲ್ಲಿ ಯಾರೂ ಮಾಡದ ತಪ್ಪು. ಅಷ್ಟರಲ್ಲಿ ವಾಪಸು ಬಂದು ನೋಡಿದರೆ, ಜನ ಬೀಗದ ಕೊಂಡಿ ಕಿತ್ತು ಬಾಗಿಲು ನೂಕಿ ಒಳಗೆ ಹೋಗಿ ಕೂತಾಗಿತ್ತು.

ಗೋದೂಬಾಯಿ ಹಿಂದಿನ ಕೋಣೆಯಲ್ಲೇ ಶ್ರುತಿ ಮಾಡಿಕೊಂಡು, ಹಿಂಬಾಗಿಲಿನಿಂದ ವೇದಿಕೆಗೆ ಬಂದರು. ಅವರ ಅಭ್ಯಾಸವೆಂದರೆ ತಂಬೂರಿ ಎತ್ತಿಕೊಂಡ ಕ್ಷಣದಿಂದ ಕಣ್ಣು ಮುಚ್ಚುವುದು. ತಲೆ ಬಗ್ಗಿಸಿ ಬಂದು, ಕೂತು, ಬುರುಡೆಯನ್ನು ಹಲಗೆಯ ಮೇಲೆ ಊರಿ, ಕಣ್ಣು ಮುಚ್ಚಿ ತಂತಿ ಮೀಟಿದರು. ಎದುರಿಗೆ ನಾನೂರು ಜನ ಇದ್ದಾರೆ ಎಂಬುದು ಅವರಿಗೆ ಗೊತ್ತಿಲ್ಲ. ನಾನೂರು ಜನಕ್ಕೆ ಏನೂ ಕೇಳಿಸುತ್ತಿಲ್ಲ. ಹಿಂದಿನ ದಿನ ಬೀಗ ಹಾಕಿದ್ದರಿಂದ ಸಭಾಂಗಣದಲ್ಲಿ ಇರುವೆ ನಡೆದ ಸದ್ದೂ ಇರಲಿಲ್ಲ. ಎಲ್ಲರೂ ಬಾಯಿ ಬಡಿಯುತ್ತಿದ್ದರು, ಒಂದು ಅಕ್ಷರವೂ ಹುಟ್ಟುತ್ತಿರಲಿಲ್ಲ. ನಾಳೆ ಹೇಗೂ ಯಾರೂ ಬರುವುದಿಲ್ಲ, ಕೇಳುವವರಿಲ್ಲ ಎಂಬ ಧೈರ್ಯದಲ್ಲಿ ಎಂದೂ ಬಾಯಿ ಬಿಡದವರೂ ಬಿಡುತ್ತಿದ್ದರು. ಕೆಲವರು ನನ್ನ ಕಡೆ ಮುಷ್ಟಿ ತೋರಿಸಿದರು. ಮೂರನೆಯ ಸಾಲಿನಲ್ಲಿ ಸರಾಫರು ಕೈಕಟ್ಟಿ ಕೂತಿದ್ದರು, ಹಗ್ಗ ನೋಡಲು ಬಂದವರ ಹಾಗೆ.

ಹತ್ತು ನಿಮಿಷಕ್ಕೆ ಎದ್ದು ಹೋಗುತ್ತಾರೆ ಎಂದು ಬಾಗಿಲ ಬಳಿ ನಿಂತಿದ್ದೆ. ಆಗ ಸಸ್ಯಶಾಸ್ತ್ರದ ಹುಡುಗಿಯೊಬ್ಬಳು ಕೂತಲ್ಲೇ ಬಗ್ಗಿ ತನ್ನ ಚಪ್ಪಲಿ ಬಿಚ್ಚಿದಳು. ಅಂಗಾಲನ್ನು ನೆಲದ ಹಲಗೆಯ ಮೇಲೆ ಊರಿ ಪಕ್ಕದವಳ ತೋಳು ತಿವಿದಳು. ಅವಳೂ ಬಿಚ್ಚಿದಳು. ಆಮೇಲೆ ಒಂದು ಸಾಲಿಗೆ ಸಾಲೇ. ನಾನೂ ಬಿಚ್ಚಿ ನಿಂತೆ. ನಮ್ಮ ಸಭಾಂಗಣದ ನೆಲ ಹಳೆಯ ಸಾಗುವಾನಿ ಹಲಗೆ. ಗಾಯಕರ ಮೊಣಕಾಲಿಗೆ ಮಾತ್ರ ಗೊತ್ತಿದ್ದದ್ದು ಅದರೊಳಗಿಂದ ಹರಿದು ನಾನೂರು ಜನರ ಅಂಗಾಲಿಗೆ ಬರುತ್ತಿತ್ತು. ಹರಿದು ಬಂದು ಹಿಮ್ಮಡಿಯಲ್ಲಿ ನಿಂತು, ಮೊಣಕಾಲಿಗೆ ಏರಿ, ಬೆನ್ನುಹುರಿಗೆ ಬಂತು. ವೇದಿಕೆಯ ಮೇಲೆ ಒಂದೊಂದು ತಂತಿಯೂ ಮೀಟಿದಾಗ ಎರಡಾಗಿ, ನಾಲ್ಕಾಗಿ, ಮಂಜಿನ ಎಳೆಯಾಗಿ ಕಾಣುತ್ತಿತ್ತು. ಬಾಯಿಗಳು ಒಂದೊಂದಾಗಿ ಮುಚ್ಚಿಕೊಂಡವು. ಸಮುದ್ರ ಎಂದು ಬರೆದದ್ದು ಕಡಿಮೆಯಾಯಿತು ಎಂದು ನನಗೆ ಅನಿಸಿದ್ದು ಬದುಕಿನಲ್ಲಿ ಅದೇ ಮೊದಲು. ನಾನು ಬರೆದದ್ದು ಕಡಿಮೆಯಾಗುವುದೆಂದರೇನು!

ಆರಕ್ಕೆ ಗೋದೂಬಾಯಿ ಕೈ ನಿಲ್ಲಿಸಿ ತಂಬೂರಿಗೆ ಗವಸು ಹಾಕಿ ಕಣ್ಣು ತೆರೆದರು. ಎದುರಿಗೆ ಎಂಟುನೂರು ಅಂಗೈಗಳು ಸದ್ದಿಲ್ಲದೆ ತೆರೆದು ಮುಚ್ಚುತ್ತಿದ್ದವು. ನಮ್ಮೂರಿನ ಕಲಾವಿದರೆಲ್ಲ ಚಪ್ಪಾಳೆ ಕೇಳಿದ್ದಾರೆ. ನಾಟಕದವರನ್ನು ಬಿಟ್ಟರೆ ಚಪ್ಪಾಳೆಯನ್ನು ಕಣ್ಣಲ್ಲಿ ನೋಡಿದವರು ಆವತ್ತಿನವರೆಗೆ ಒಬ್ಬರೂ ಇರಲಿಲ್ಲ. ಅವರು ಬಹಳ ಹೊತ್ತು ನೋಡಿದರು. ಮುಖ ಬೆಳ್ಳಗಾಯಿತು. ತಂಬೂರಿಯನ್ನು ಕೂಸಿನಂತೆ ಎತ್ತಿಕೊಂಡು ಹಿಂಬಾಗಿಲಿನಿಂದ ಹೋಗಿಬಿಟ್ಟರು.

ನಾನು ಹೊರಗಿನಿಂದ ಸುತ್ತಿಕೊಂಡು ಓಡಿದೆ. “ಇವರನ್ನೆಲ್ಲಾ ಎಲ್ಲಿಂದ ಹಿಡಕೊಂಡ ಬಂದಿ?” ಎಂದರು ಗೋದೂಬಾಯಿ. “ನಾ ಹಿಡಕೊಂಡ ಬಂದಿಲ್ರೀ. ತಾರೀಕು ತಪ್ಪು ಬರದೆ.” “ಅಂದ್ರ ನಾಳೆ?” ಎಂದರು. ಆಗಲೇ ನನಗೂ ಹೊಳೆದದ್ದು. ನೋಡುವುದು ಮುಗಿಯಿತು ಎಂದು ಎಲ್ಲರೂ ಮನೆಗೆ ಹೋಗುತ್ತಿದ್ದರು. ನಾಳೆ ತಂಬೂರಿ ಕೇಳಿಸುವಾಗ ಸಭಾಂಗಣ ಖಾಲಿ. ನಾಳೆ ಖಾಲಿಯಾದರೆ ನಾಡಿದ್ದು ಕುರ್ಚಿಯಲ್ಲಿ ಕೂತವರಿಗೆ ಕೇಳಿಸುವುದು ಖಾಲಿಯೇ. “ಕಾಲಿಂದ ಕೇಳಿ ಹೋದ್ರು, ಕಿವಿಯಿಂದ ಕೇಳ್ಲಿಲ್ಲ,” ಎಂದು ಗೋದೂಬಾಯಿ ತಂಬೂರಿಗೆ ಹೇಳಿದರು, ನನಗಲ್ಲ. “ಹೋಗ್ಲಿ ಬಿಡು. ಕಣ್ಣಾಗರ ನೋಡಿದ್ನಲ್ಲಾ.”

ಬಿಡುವ ಪೈಕಿಯೇ ನಾನು? ಮರುದಿನ ಬೆಳಿಗ್ಗೆ ಹೊಸ ಹಾಳೆ ಹರಡಿದೆ. ‘ನಿನ್ನೆ ಸಂಜೆ ಐದರಿಂದ ಆರರವರೆಗೆ ದೊಡ್ಡ ಸಭಾಂಗಣದಲ್ಲಿ ಯಾರು ಯಾರ ಬಗ್ಗೆ ಏನೇನು ಅಂದರು? ಇಂದು ಸಂಜೆ ಐದಕ್ಕೆ ಒಂದಕ್ಷರ ಬಿಡದೆ ಕೇಳಿಸಲಿದೆ! ಹಿನ್ನೆಲೆಯಲ್ಲಿ ತಂಬೂರಿ, ಗೋದೂಬಾಯಿ ಮೇಳದ.’ ಬರೆದು ದೂರ ನಿಂತು ನೋಡಿದೆ. ‘ಹಿನ್ನೆಲೆಯಲ್ಲಿ’ ಎಂಬುದು ಕಣ್ಣಿಗೆ ಚುಚ್ಚಿತು. ಮೂವತ್ತನಾಲ್ಕು ವರ್ಷ ಎಲ್ಲರೂ ಕೂರಿಸಿದ ಜಾಗದಲ್ಲೇ ನಾನೂ ಕೂರಿಸಿದ್ದೆ. ಹರಿದು ಹಾಕಿ ಇನ್ನೊಂದು ಹಾಳೆ ತೆಗೆದೆ. ‘ತಂಬೂರಿ: ಗೋದೂಬಾಯಿ ಮೇಳದ. ಹಿಮ್ಮೇಳ: ನಿನ್ನೆ ಬಂದು ಬಾಯಿ ಬಿಟ್ಟವರೆಲ್ಲ. ಯಾರು ಯಾರನ್ನು ಏನಂದರು ಎಂಬುದು ಇಂದು ಐದಕ್ಕೆ ಬಯಲು.’ ದಿನಾಂಕವನ್ನು ಹದಿನಾಲ್ಕು ಸಲ ಓದಿ ಹಚ್ಚಿದೆ.

ಒಂಬತ್ತು ಗಂಟೆಗೆ ಆವರಣದಲ್ಲಿ ಬೆಂಕಿ ಬಿದ್ದಂತಾಯಿತು. ಕುಲಸಚಿವರು ತಮ್ಮ ಕಚೇರಿಯ ಕಿಟಕಿಯಿಂದಲೇ ಕೂಗಿದರು: “ಈರಬಸಪ್ಪ, ನನ್ನ ಬಗ್ಗೆ ಯಾರಾದ್ರೂ ಏನರ ಅಂದಾರೇನೋ?” “ನನಗ ಹ್ಯಾಂಗ ಗೊತ್ತ್ರೀ ಸಾಹೇಬರ? ತುಟಿ ಭಾಳ ಅಲ್ಲಾಡತಿದ್ವು.” ಆಡಿದವರು ತಮ್ಮ ಮಾತನ್ನು ಬೇರೆಯವರು ಕೇಳುವುದಕ್ಕೆ ಮೊದಲು ತಾವು ಕೇಳಬೇಕೆಂದು, ಆಡಿಸಿಕೊಂಡವರು ಯಾರು ಆಡಿದರೆಂದು ತಿಳಿಯಬೇಕೆಂದು, ಏನೂ ಸಂಬಂಧವಿಲ್ಲದವರು ಸಂಬಂಧವಿಲ್ಲದವರಿಗೆ ಸಿಗುವ ಸುಖಕ್ಕೆಂದು, ನಾಲ್ಕು ಗಂಟೆಗೇ ಬಂದು ತುಂಬಿದರು. ಕುರ್ಚಿ ನಾನೂರು, ಜನ ಎಂಟುನೂರು. ಕಿಟಕಿಯಲ್ಲಿ, ಮೆಟ್ಟಿಲಲ್ಲಿ, ಒಬ್ಬರ ತೊಡೆಯ ಮೇಲೆ ಇನ್ನೊಬ್ಬರು. ನಾನು ಹಿಂದಿನ ಮೂಲೆಯ ಸ್ಟೂಲಿನಲ್ಲಿ ನನ್ನ ಎರಡೂ ಅಂಗೈಗಳನ್ನು ಕೆಳಗಿಟ್ಟು ಅವುಗಳ ಮೇಲೆ ಕೂತೆ. ಆಣೆ ಅಂದರೆ ಆಣೆ.

ಐದಕ್ಕೆ ಸರಿಯಾಗಿ ಖಾಲಿ ವೇದಿಕೆಯಿಂದ ತಂಬೂರಿ ಎದ್ದಿತು. ಅದರ ಜೊತೆಯಲ್ಲೇ ನಿನ್ನೆಯ ಬಾಯಿಗಳೂ ಎದ್ದವು. “ಇದು ಸುರು ಆಗೇತೋ ಇಲ್ಲೋ?” “ಫ್ಯಾನ್ ಹಚ್ಚಂತ ಹೇಳ್ರೋ.” “ಈರಬಸಪ್ಪನ್ನ ಇದ ಸಮುದ್ರದಾಗ ಮುಳಗಸೂಣು ನಡೀರಿ.” “ಕುಲಸಚಿವರ ತಲೀಕೂದಲ ಖರೇದಲ್ಲಂತಲೇ, ಇಸ್ತ್ರಿ ಮಾಡಸ್ತಾರಂತ.” ಕುಲಸಚಿವರ ಕೈ ತಾನಾಗಿ ತಲೆಗೆ ಹೋಯಿತು. ಸಂಖ್ಯಾಶಾಸ್ತ್ರದ ಮೌನಿ ಅಧ್ಯಾಪಕರ ದನಿಯೊಂದು, “ಪೂರ್ಣಿಮಾ, ನಾನು ನಿಮಗೆ ಹೇಳಬೇಕೆಂದು ನಾಲ್ಕು ವರ್ಷದಿಂದ,” ಎಂದು ಶುರುವಾಗಿ ಕೆಮ್ಮಿನಲ್ಲಿ ಮುಗಿಯಿತು. ಎರಡು ಸಾಲು ಮುಂದೆ ಒಬ್ಬರು ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ಎಂಟುನೂರು ಜನ ಹೊಟ್ಟೆ ಹಿಡಿದು ನಗುತ್ತಿದ್ದರು, ಸದ್ದಿಲ್ಲದೆ. ಆ ನಗೆ ನಾಳೆ ಯಾರ ಕಿವಿಗೆ ಬೀಳುತ್ತದೆ ಎಂಬುದು ನೆನಪಾಗಿ ನನ್ನ ನಗು ಮಾತ್ರ ಅಲ್ಲಿಗೇ ನಿಂತಿತು.

ಆಮೇಲೆ ಮಾತುಗಳು ವಿರಳವಾದವು. ನಿನ್ನೆ ಚಪ್ಪಲಿ ಬಿಚ್ಚಿದ ಹೊತ್ತು ಅದು. ಒಂದು ಮಾತು, ತಂಬೂರಿ. ಇನ್ನೊಂದು ಪಿಸುಮಾತು, ತಂಬೂರಿ. ಕಡೆಯದಾಗಿ ಒಂದು ಗಂಭೀರ ದನಿ, ಎಲ್ಲರಿಗೂ ಗೊತ್ತಿರುವ ದನಿ, ತನ್ನಷ್ಟಕ್ಕೆ ಆಡಿಕೊಂಡದ್ದು: “ನನ್ನ ಮೊಣಕಾಲಿಗೆ ಈ ಬುರುಡಿ ತಾಗಿರ್ಲಿಲ್ಲಂದ್ರ ನಾ ಒಂದು ಸ್ವರಾನೂ ಹಚ್ಚತಿದ್ದಿಲ್ಲ. ಅರವತ್ತು ಕಛೇರಿ ಇಕಿನ ಹಾಡ್ಸಿದ್ದು. ಕುರ್ಚ್ಯಾಗ ನಾ ಕುಂತೆ.” ಎಂಟುನೂರು ತಲೆ ಮೂರನೆಯ ಸಾಲಿಗೆ ತಿರುಗಿತು. ಸರಾಫರ ಕಿವಿ ಕುಂಕುಮದಷ್ಟು ಕೆಂಪಾಗಿತ್ತು. ಅವರು ತಲೆ ತಗ್ಗಿಸಲಿಲ್ಲ. ಅದಾದ ಮೇಲೆ ಬರೇ ತಂಬೂರಿ. ಅರ್ಧ ಗಂಟೆ. ಅದು ಹೇಗಿತ್ತು ಎಂದು ಬರೆಯಲು ನನ್ನ ಬಳಿ ಬಣ್ಣವಿಲ್ಲ. ನಾಲ್ಕೇ ತಂತಿಯೊಳಗೆ ಅರವತ್ತು ಕಛೇರಿಗಳ ಹಾಡುಗಳೆಲ್ಲ ಇನ್ನೂ ಹಾಡಿಸಿಕೊಳ್ಳದೆ ಕಾದು ಕೂತಿದ್ದವು ಅಂದರೆ ಸಾಕು.

ಆರಕ್ಕೆ ತಂಬೂರಿ ನಿಂತ ಕೂಡಲೇ ನಿನ್ನೆಯ ಚಪ್ಪಾಳೆ ಸಿಡಿಯಿತು. ಅದೇ ಕ್ಷಣಕ್ಕೆ ಸರಾಫರು ಎದ್ದು ನಿಂತು ಕೈ ತಟ್ಟಿದರು, ಅವರ ಹಿಂದೆ ಎಂಟುನೂರು ಜನ ಎದ್ದರು. ಸದ್ದು ನಿನ್ನೆಯದು, ಕೈ ಇವತ್ತಿನದು. ಆ ಸಭಾಂಗಣ ಕಟ್ಟಿದಾಗಿನಿಂದ ಕೈಯೂ ಸದ್ದೂ ಒಟ್ಟಿಗೆ ಬಂದದ್ದು ಅದೊಂದೇ ಸಂಜೆ. ಜನ ತಮ್ಮ ಅಂಗೈಗಳನ್ನೇ ಬೆರಗಾಗಿ ನೋಡುತ್ತ ಇನ್ನಷ್ಟು ಹೊಡೆದರು. ನಿನ್ನೆಯ ಸದ್ದು ಮುಗಿದರೂ ಇವತ್ತಿನ ಕೈಗಳು ನಿಲ್ಲಲಿಲ್ಲ. ನನ್ನ ಅಂಗೈಗಳು ನನ್ನ ಕೆಳಗೆ ಮೀನಿನಂತೆ ಒದ್ದಾಡುತ್ತಿದ್ದವು. ಬಿಡಲಿಲ್ಲ.

ಮೂವತ್ತೊಂದರ ಸಂಜೆ ಗೋದೂಬಾಯಿ ಇಸ್ತ್ರಿ ಮಾಡಿದ ಹಸಿರು ಇಳಕಲ್ ಸೀರೆಯುಟ್ಟು ಬಂದರು. ನಾನು ಬಾಗಿಲು ತೆರೆದೆ. ಅವರು ಕೆಂಪು ಗಾದಿಯನ್ನು ಸೆರಗಿನಿಂದ ಒಮ್ಮೆ ಒರೆಸಿ ಕೂತರು. ನಾನು ಬಾಗಿಲು ಮುಚ್ಚಿ ಹೊರಗೆ ನಿಂತೆ. ಮುಂದಿನ ಒಂದು ಗಂಟೆಯಲ್ಲಿ ನಾನು ಮೆಟ್ಟಿಲುಗಳನ್ನು ಸಾವಿರ ಸಲ ಹತ್ತಿಳಿದೆ. ಮೊದಲು ಅವರಿಗೆ ಕೇಳಿಸುವುದು ನಗೆ, ಎಂಟುನೂರು ಜನರ ನಗೆ. ತನ್ನನ್ನೇ ನೋಡಿ ನಕ್ಕರು ಎಂದುಕೊಂಡು ಎದ್ದು ಬಂದುಬಿಟ್ಟರೆ? ಬಾಗಿಲು ತೆರೆದು ಹೇಳೋಣವೆಂದರೆ ಒಳಗೆ ಆಡಿದ ಮಾತು ನಾಳೆ ಕೇಳಿಸುತ್ತದೆ. ಆರು ಹೊಡೆಯಿತು. ಆರೂ ಹತ್ತಾಯಿತು, ಆರೂ ಕಾಲು. ಗೋದೂಬಾಯಿ ಹೊರಬಂದಾಗ ಅವರ ಕಣ್ಣು ಒದ್ದೆಯಾಗಿತ್ತೋ ಇಲ್ಲವೋ ಹೇಳಲಾರೆ, ನನ್ನದು ಆಗಿದ್ದರಿಂದ ಸರಿಯಾಗಿ ಕಾಣಲಿಲ್ಲ.

“ಬಾಯಾರ, ಆ ನಗಿ ನಿಮ್ಮ ಮ್ಯಾಲಿಂದಲ್ರೀ,” ಎಂದೆ ಗಡಬಡಿಸಿ. “ಗೊತ್ತೈತಿ ಬಿಡು. ನನ್ನ ಮ್ಯಾಲೆ ನಗೂದನ್ನ ಮೂವತ್ತನಾಲ್ಕು ವರ್ಷ ಕೇಳೀನಿ. ಅದರ ಶ್ರುತಿನ ಬ್ಯಾರೆ.” ಮೆಟ್ಟಿಲ ಮೇಲೆ ಕೂತು ಉಸಿರು ಬಿಟ್ಟರು. “ಎಂಟುನೂರಕ್ಕ ಕಡಿಮಿ ಇಲ್ಲ. ಕೆಮ್ಮಿದವರು ಹನ್ನೊಂದು. ಸರಾಫ ಸರ್ ಮೊದಲ ಸುರು ಮಾಡಿದ್ರು, ಅವರ ಉಂಗುರ ತಾಗತೈತಿ.” ಆಮೇಲೆ ನನ್ನ ಮುಖ ನೋಡಿದರು. “ನಿಂದು ಇರ್ಲಿಲ್ಲ. ಹುಡಕಿ ಹುಡಕಿ ನೋಡಿದೆ. ಸೋರೂದು ಒಂದೂ ಇಲ್ಲ. ಯಾಕ ಹೊಡೀಲಿಲ್ಲ?” ನನಗೆ ಸಿಟ್ಟೇ ಬಂತು. “ನೀವ ಆಣಿ ಹಾಕಸ್ಕೊಂಡ್ರಲ್ರೀ! ಕೈ ಮ್ಯಾಲೆ ಕುಂತಿದ್ನಿ, ಇನ್ನೂ ಜೋಮ ಹಿಡದೈತಿ!” “ನಾ ಬ್ಯಾಡಂದಿದ್ದು ನಲವತ್ತು ಮಂದೀದು,” ಎಂದರು ಗೋದೂಬಾಯಿ. “ನಿನ್ನೊಬ್ಬಂದು ಬ್ಯಾಡಂದಿದ್ನೇನು?”

ಅವರು ಎದ್ದು ಹುಣಸೆಮರ ದಾಟಿ ಗೇಟಿನ ಕಡೆ ಹೊರಟರು. ನಾನು ಅಲ್ಲೇ ನಿಂತೆ. ಮೂವತ್ತನಾಲ್ಕು ವರ್ಷದಲ್ಲಿ ಪ್ರಾಂಶುಪಾಲನಾಗಿ ಹೊಡೆದಿದ್ದೆ, ವಸತಿನಿಲಯವಾಗಿ ಹೊಡೆದಿದ್ದೆ. ಈರಬಸಪ್ಪನಾಗಿ ಒಮ್ಮೆಯೂ ಹೊಡೆದಿರಲಿಲ್ಲ. ಗಡಿಯಾರ ನೋಡಿದೆ, ಆರೂವರೆ. ಸಭಾಂಗಣದ ಬಾಗಿಲು ತೆರೆದು ಒಳಹೋದೆ, ಖಾಲಿ ವೇದಿಕೆಯ ಎದುರು ನೆಟ್ಟಗೆ ನಿಂತೆ, ಓಡಲಿಲ್ಲ, ಕುರ್ಚಿ ಹಾರಲಿಲ್ಲ, ಬಳೆ ಕಟ್ಟಿಕೊಳ್ಳಲಿಲ್ಲ. ಅಂಗೈ ಉರಿಯುವವರೆಗೆ ಕೈ ತಟ್ಟಿದೆ. ಹೊರಬಂದು, ಫಲಕದ ಮೇಲೆ ಅಂಗೈಯಗಲದ ಚೀಟಿ ಹಚ್ಚಿದೆ. ‘ನಾಳೆ ಸಂಜೆ ಆರೂವರೆಗೆ ದೊಡ್ಡ ಸಭಾಂಗಣದಲ್ಲಿ: ಒಬ್ಬನ ಚಪ್ಪಾಳೆ. ಗೋದೂಬಾಯಿಯವರಿಗೆ.’ ನನ್ನ ಬದುಕಿನಲ್ಲಿ ಆಶ್ಚರ್ಯಸೂಚಕ ಚಿಹ್ನೆ ಇಲ್ಲದೆ ಬರೆದ ಸೂಚನೆ ಅದೊಂದೇ.

ಒಂದನೆಯ ತಾರೀಕಿನ ಸಂಜೆ ಗೋದೂಬಾಯಿ ಬಂದರು, ನೌಕರಿ ಇಲ್ಲದವರಂತೆ ಮುಂಬಾಗಿಲಿನಿಂದ, ಕೈಯಲ್ಲಿ ಕಾಯಿಪಲ್ಲೆ ಚೀಲ ಹಿಡಿದು. ಕೆಂಪು ಕುರ್ಚಿಗೆ ಹೋಗಲಿಲ್ಲ. ಮೂರನೆಯ ಸಾಲಿನಲ್ಲಿ ಕೂತು ಪಕ್ಕದ ಕುರ್ಚಿಯನ್ನು ತಟ್ಟಿ ನನ್ನನ್ನೂ ಕರೆದರು. ಆರೂವರೆಗೆ ಅದು ಬಂತು. ನನ್ನ ಚಪ್ಪಾಳೆಯನ್ನು ನಾನು ಕೇಳಿದ್ದು ಅದೇ ಮೊದಲು. ಸೋರುತ್ತಿತ್ತು, ನಿಜ. ಎಡ ಹೆಬ್ಬೆರಳಿನ ಹತ್ತಿರ, ಕಮ್ಮಾರನ ಒಡೆದ ತಿದಿಯ ಹಾಗೆ. ಗೋದೂಬಾಯಿ ಕಣ್ಣು ಮುಚ್ಚಿ, ತಲೆ ಸ್ವಲ್ಪ ವಾಲಿಸಿ, ಬೆರಳುಗಳಿಂದ ಚೀಲದ ಹಿಡಿಕೆಯನ್ನು ಮೀಟುತ್ತ ಕೊನೆಯವರೆಗೆ ಕೇಳಿದರು. ಆವತ್ತು ಸಭಾಂಗಣದಲ್ಲಿ ಎಂಟು ಸಾವಿರ ಜನ ಇದ್ದರು ಎಂದು ಬರೆಯಲು ನನ್ನ ಕೈ ತುರಿಸುತ್ತಿದೆ. ಇದ್ದವರು ಇಬ್ಬರು.